ಡಮರುಗ ತಿರುಗಿಸಿದವರು ಯಾರು?

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಆಯುಷ್ಯ ಸವೆಸಿದವನಿಗೆ ಕಾಲು ಇಂಚು ಎಂದರೆ ಕಾಲು ಇಂಚು. ಒಹಾಯೊದ ಅಜ್ಜಿಯರ ಲೆಕ್ಕ ಹಾಗಲ್ಲ. ಅವರ ಕಾಲು ಇಂಚು ನಿಜವಾದ ಕಾಲಿಗಿಂತ ಒಂದು ನೂಲೆಳೆಯಷ್ಟು ಕಡಿಮೆ. ಹೊಲಿದ ಅಂಚನ್ನು ಮಡಚಿ ಇಸ್ತ್ರಿ ಮಾಡಿದಾಗ ಆ ಮಡಿಕೆ ಒಂದು ಎಳೆಯನ್ನು ನುಂಗುತ್ತದಂತೆ, ಅದಕ್ಕೆ ಮೊದಲೇ ಕಡಿಮೆ ಹಿಡಿಯಬೇಕಂತೆ. ನಮ್ಮ ಬ್ರಾಂಚಿನಲ್ಲಿ ಯಾರಾದರೂ ಈ ಮಾತಾಡಿದ್ದರೆ ಸಂಜೆಯೊಳಗೆ ಸಸ್ಪೆಂಡ್ ಆಗುತ್ತಿದ್ದರು.

ಕ್ವಿಲ್ಟ್, ಅಂದರೆ ಅವರ ಕೌದಿ, ಹೊಲಿಯುವ ಕೊಲಂಬಸ್ಸಿನ ಈ ಅಜ್ಜಿಯರ ಮಂಡಳಿಗೆ ಮಗಳು ಸೇರಿಸಿದ್ದು ನನ್ನನ್ನಲ್ಲ, ನಮ್ಮಾಕಿಯನ್ನು. ನಾನು ಹೋದದ್ದು ಕೋಟು ಹಿಡಿದುಕೊಳ್ಳಲು. ಹೊರಗೆ ಹಿಮ, ಒಳಗೆ ಅಳಿಯನ ಝೂಮ್ ಮೀಟಿಂಗು. ಅತ್ತೆ ಮಾವ ಇಬ್ಬರೂ ಎಲ್ಲಾದರೂ ಹೋದರೆ ಸಾಕಾಗಿತ್ತು. ಬೈಲಹೊಂಗಲದ ಕಡೆ ಕೌದಿ ಹೊಲಿಯುವುದನ್ನು ಕಂಡು ಬೆಳೆದ ನಮ್ಮಾಕಿ ಅಲ್ಲಿಯ ಅಳತೆಪಟ್ಟಿ, ಚಕ್ರದ ಕತ್ತರಿಗಳನ್ನು ನೋಡಿ, "ಇಷ್ಟೆಲ್ಲಾ ಹತಾರ ಇಟ್ಕೊಂಡು ಬಾವಿ ತೋಡತಾರೇನ್ರಿ ಇವರು?" ಅಂದಳು. ಆಮೇಲೆ ಇಬ್ಬರು ಅಜ್ಜಿಯರನ್ನು ಹಿಡಿದು ಮೊಣಕಾಲು ನೋವಿನ ಚರ್ಚೆಗೆ ಕೂತಳು. ಬಲೆಗೆ ಬಿದ್ದವನು ನಾನು. ಬೀಳಿಸಿದ್ದು ಒಹಾಯೊ ಸ್ಟಾರ್ ಎಂಬ ವಿನ್ಯಾಸ.

ಮೂರಕ್ಕೆ ಮೂರು, ಒಂಬತ್ತು ಚೌಕ. ನಾಲ್ಕು ಮೂಲೆ ಮತ್ತು ನಡುವಿನದು, ಈ ಐದೂ ಬರೀ ಬಟ್ಟೆ. ಉಳಿದ ನಾಲ್ಕರಲ್ಲಿ ಮಾತ್ರ ಕರಾಮತ್ತು. ಒಂದೊಂದರಲ್ಲೂ ನಾಲ್ಕು ತ್ರಿಕೋನ. ಎರಡು ನಕ್ಷತ್ರದ ಬಣ್ಣ, ಎರಡು ಆಕಾಶದ ಬಣ್ಣ. ಎದುರುಬದುರು ಕೂಡಿಸಿದರೆ ಥೇಟ್ ಶಿವನ ಕೈಯ ಡಮರುಗ. 3 ಇಂಚಿನ ಡಮರುಗ ಬೇಕಾದರೆ 4¼ ಇಂಚಿನ ಚೌಕ ಕತ್ತರಿಸಿ, ಅದನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಸೀಳಬೇಕು. ಹಾಗೆ ಸೀಳಿದಾಗ ತ್ರಿಕೋನದ ಉದ್ದ ಬದಿ ಬಟ್ಟೆಯ ನೇರ ಎಳೆಯ ಮೇಲೆ ಬರುತ್ತದೆ, ಹೊರ ಅಂಚು ಜಗ್ಗುವುದಿಲ್ಲ. ಒಳಗಿನ ಎರಡು ಬದಿ ಓರೆ. ಅವು ಉಸಿರು ಬಿಟ್ಟರೂ ಹಿಗ್ಗುತ್ತವೆ. 4¼ ಕತ್ತರಿಸಿ 3 ಪಡೆಯುವ ಈ ವ್ಯವಹಾರದಲ್ಲಿ ಉಳಿದ ಒಂದೂಕಾಲು ಇಂಚು ಹೊಲಿಗೆಯ ಅಂಚಿಗೆ ಹೋಗುತ್ತದೆ ಎಂದು ಮಂಡಳಿಯ ಹಿರಿಯಾಕೆ ಬರೆದು ತೋರಿಸಿದಾಗಲೇ ನನಗೆ ಸಮಾಧಾನ. ವೋಚರ್ ಇದ್ದರೆ ಎಂಥ ಖರ್ಚನ್ನಾದರೂ ಒಪ್ಪುವವನು ನಾನು.

ಈ ದೇಶದ ಹೆಂಗಸರು ಹೊಲಿಯದ ನಕ್ಷತ್ರವಿಲ್ಲ. ಸಾಟೂತ್, ಫ್ರೆಂಡ್‌ಶಿಪ್, ಫೆದರ್ಡ್, ಹಾಸಿಗೆಯ ತುಂಬ ಒಂದೇ ನಕ್ಷತ್ರ ಹರಡುವ ಲೋನ್ ಸ್ಟಾರ್. ಕಾನ್ಸಾಸ್ ಸಿಟಿ ಸ್ಟಾರ್ ಎಂಬ ಪತ್ರಿಕೆ 1928ರಿಂದ 1961ರವರೆಗೆ ಇಂಥ ವಿನ್ಯಾಸಗಳನ್ನು ಅಚ್ಚು ಹಾಕಿದೆ. ಬಾರ್ಬರಾ ಬ್ರಾಕ್‌ಮನ್ ಎಂಬಾಕೆ ಸಾವಿರಾರು ವಿನ್ಯಾಸಗಳನ್ನು ಒಟ್ಟುಮಾಡಿ ವಿಶ್ವಕೋಶವನ್ನೇ ಬರೆದಿದ್ದಾರೆ. ಎಷ್ಟೋ ನಕ್ಷತ್ರಗಳು ಹಳೆಯದೊಂದರ ಒಂದು ತುಂಡು ತಿರುಗಿಸಿ, ಒಂದು ಬಣ್ಣ ಬದಲಿಸಿ ಹುಟ್ಟಿದವು. ಇಷ್ಟು ತಿಳಿದದ್ದೇ ನನ್ನ ಕೈ ಕಡಿಯತೊಡಗಿತು.

ಅಳಿಯನಿಗೆ ಹೇಳಿದೆ. ಅವನು ಮೀಟಿಂಗಿನ ನಡುವೆಯೇ ಮೈಕು ಬಂದ್ ಮಾಡಿ ಲೆಕ್ಕ ಹಾಕಿದ. "ಮಾವಾರ, ಒಂದೊಂದು ಡಮರುಗಕ್ಕೆ ಎರಡು ದಿಕ್ಕು, ಅಂಥಾವು ನಾಲ್ಕು. ಒಟ್ಟು 16 ನಮೂನಿ. ಒಂದೊಂದು ಡಮರುಗದಾಗೂ ಒಂದು ತ್ರಿಕೋನಕ್ಕ ಮೂರನೇ ಬಣ್ಣ ಹಾಕ್ರಿ, 256 ಆಗ್ತಾವು." ಮದುವೆಯಾದಂದಿನಿಂದ ನಾವಿಬ್ಬರೂ ಹವಾಮಾನ ಬಿಟ್ಟು ಬೇರೆ ವಿಷಯ ಮಾತಾಡಿದವರಲ್ಲ. ಅಂದು ಊಟ ತಣ್ಣಗಾಗುವವರೆಗೆ ಮಾತಾಡಿದೆವು. ಆ ಹದಿನಾರಕ್ಕೂ ಅವನು ನಂಬರು ಹಾಕಿ ಎಕ್ಸೆಲ್ ಹಾಳೆ ಮಾಡಿಕೊಟ್ಟ.

ಅದರ ಪರಿಣಾಮ ಡೈನಿಂಗ್ ಟೇಬಲ್ ನನ್ನದಾಯಿತು, ಮನೆಯವರೆಲ್ಲ ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣತೊಡಗಿದರು. ಟೇಬಲ್ಲಿನ ಮೇಲೆ ಒಂಬತ್ತು ತುಂಡು ಹರವಿದ್ದೆ. ನೀರು ಕುಡಿಯಲು ಬಂದ ಅಳಿಯ ಒಂದು ಡಮರುಗ ತಿರುಗಿಸಿ ಹೋಗುವ. ಕಾಫಿ ಬೆರೆಸಲು ಬಂದ ಮಗಳು ಇನ್ನೊಂದನ್ನು. ಮೊಮ್ಮಗಳು ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಎರಡನ್ನು ತಿರುಗಿಸದೆ ಹೊರಡುವವಳಲ್ಲ. ಯಾರೂ ಯಾರಿಗೂ ಒಂದು ಮಾತು ಹೇಳುವುದಿಲ್ಲ. ರಾತ್ರಿ ನಾನು ನಕ್ಷತ್ರ ಮಾಡಿಟ್ಟು ಮಲಗುವುದು, ಬೆಳಿಗ್ಗೆ ಅದು ಗಿರಣಿಯ ಚಕ್ರವೋ ಶಿಲುಬೆಯೋ ಆಗಿರುವುದು, ನಾನು ಮತ್ತೆ ಸರಿಮಾಡುವುದು. ಕೊನೆಗೆ ಕ್ಯಾಶಿಯರ್ ಬುದ್ಧಿ ಓಡಿಸಿದೆ. ಒಂಬತ್ತು ತುಂಡಿಗೂ ಒಂದರಿಂದ ಒಂಬತ್ತರವರೆಗೆ ಚೀಟಿ ಬರೆದು, ಅಂಕಿ ನೆಟ್ಟಗೆ ಕಾಣುವಂತೆ ಗುಂಡುಪಿನ್ನು ಚುಚ್ಚಿದೆ. ತಿರುಗಿಸಿದರೆ ಅಂಕಿಯೂ ಮಲಗಬೇಕು, ಕಳ್ಳ ಸಿಕ್ಕಿಬೀಳಬೇಕು. ಬೆಳಿಗ್ಗೆ ನೋಡಿದರೆ ಎಲ್ಲ ಅಂಕಿಗಳೂ ನೆಟ್ಟಗೆ ನಿಂತಿದ್ದವು. ನಿಶ್ಚಿಂತೆಯಿಂದ ಮಷಿನ್ನಿಗೆ ಕೂತು ಹೊಲಿದು ಮುಗಿಸಿದೆ.

ಮೊಮ್ಮಗಳು ಬಂದು ನೋಡಿದಳು. "ಅಜ್ಜಾ, ಮೀನು!"

ಮೂರು ಕಡೆ ನಕ್ಷತ್ರ. ನಾಲ್ಕನೆಯ ಕಡೆ ನಡುವಿನ ಚೌಕಕ್ಕೆ ಅಂಟಿಕೊಂಡು ಸಣ್ಣಗಾಗಿ ಮತ್ತೆ ಅಗಲವಾದ ಸೊಗಸಾದ ಬಾಲ. ಆರನೆಯ ನಂಬರಿನ ಡಮರುಗ ತಿರುಗಿತ್ತು. ಅಂದರೆ ಯಾರೋ ಪಿನ್ನು ಕಿತ್ತು, ಬಟ್ಟೆ ತಿರುಗಿಸಿ, ಚೀಟಿಯನ್ನು ಮತ್ತೆ ನೆಟ್ಟಗೆ ಚುಚ್ಚಿದ್ದರು! ಇದು ಹುಡುಗಾಟವಲ್ಲ, ಪೂರ್ವಯೋಜಿತ ಕೃತ್ಯ; ಒಳಗಿನವರ ಕೈವಾಡ. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದೆ. ಅಳಿಯ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟು ಆಣೆ ಮಾಡಿದ. ಮಗಳು ನಕ್ಕಳು, ಅದನ್ನು ಹೇಳಿಕೆಯೆಂದು ದಾಖಲಿಸಲಾಗಲಿಲ್ಲ. ನಮ್ಮಾಕಿ ಚಪಾತಿ ಲಟ್ಟಿಸುತ್ತಿದ್ದಳು. ಹೊಲಿಗೆಯ ಗೊಡವೆಯೇ ಬೇಡವೆಂದವಳನ್ನು ಏನು ಕೇಳುವುದು ಎಂದು ಬಿಟ್ಟೆ.

ಮಂಡಳಿಯಲ್ಲಿ ಒಬ್ಬಾಕೆ ಸಮಾಧಾನ ಹೇಳಿದಳು. ಪರಿಪೂರ್ಣ ಅಂದರೆ ದೇವರೊಬ್ಬನೇ, ಅದಕ್ಕಾಗಿ ಹಿಂದಿನವರು ಪ್ರತಿ ಕ್ವಿಲ್ಟಿನಲ್ಲೂ ಬೇಕೆಂದೇ ಒಂದು ತಪ್ಪು ಬಿಡುತ್ತಿದ್ದರಂತೆ. ಆಹಾ, ಎಷ್ಟು ಹಿತವಾಗಿತ್ತು! ಆದರೆ ಲೈಬ್ರರಿಯಿಂದ ಪುಸ್ತಕ ತಂದು ಓದುವ ಚಟ ನನಗೆ. ಕ್ವಿಲ್ಟ್ ಚರಿತ್ರಕಾರರ ಪ್ರಕಾರ ಅದು ಬರೀ ದಂತಕಥೆ, ಬೇಕೆಂದು ತಪ್ಪು ಹೊಲಿಯುತ್ತಿದ್ದರೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆ ಪುಟ ಬಿಟ್ಟು ಮುಂದಿನ ಪುಟ ತೆರೆದಿದ್ದರೆ ಏನಾಗುತ್ತಿತ್ತು?

ವಾರದ ಕೊನೆಗೆ ಬಂದ ಕನ್ನಡದ ಅತಿಥಿಗಳದು ಇನ್ನೊಂದು ಕಾಟ. "ಅಂಕಲ್, ಇಂಥದ್ದು ಅಂಗಡೀಲಿ 30 ಡಾಲರಿಗೆ ಸಿಗುತ್ತಲ್ಲ?" ಹೀಗೆಂದವನು ದುಬಾರಿ ಬೂಟು ಹಾಕಿಕೊಂಡು ದಿನಾ ಬೆಳಿಗ್ಗೆ ಓಡಿ ಓಡಿ ಹೊರಟಲ್ಲಿಗೇ ವಾಪಸು ಬರುವ ಮನುಷ್ಯ. ನಾನೇನಾದರೂ ಅವನನ್ನು, ಕಾರಿದೆಯಲ್ಲಪ್ಪಾ, ಎಂದು ಕೇಳಿದ್ದೆನೇ?

ಹಿಮ ಕರಗಿದ ಮೇಲೆ ಮಗಳು ಆಡಮ್ಸ್ ಕೌಂಟಿಯ ಕಡೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಕಣಜದ ಕೊಟ್ಟಿಗೆಗಳ ಗೋಡೆಯ ಮೇಲೆ ಆಳೆತ್ತರದ ಕ್ವಿಲ್ಟ್ ಚೌಕಗಳ ಚಿತ್ರ. ಡೊನಾ ಸ್ಯೂ ಗ್ರೋವ್ಸ್ ಎಂಬಾಕೆ ಕ್ವಿಲ್ಟ್ ಹೊಲಿಯುತ್ತಿದ್ದ ತನ್ನ ತಾಯಿ ಮ್ಯಾಕ್ಸೀನಳಿಗೆ, ನಿನ್ನ ಗೌರವಕ್ಕೆ ಕೊಟ್ಟಿಗೆಯ ಮೇಲೊಂದು ಕ್ವಿಲ್ಟ್ ಬರೆಸುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅದರಿಂದ ಹುಟ್ಟಿದ ದಾರಿಯಲ್ಲಿ 2001ರಲ್ಲಿ ಬರೆದ ಮೊದಲ ಚೌಕವೇ ಒಹಾಯೊ ಸ್ಟಾರ್. ಈಗ ಇಂಥ ಕೊಟ್ಟಿಗೆಗಳು ಎಷ್ಟೋ ರಾಜ್ಯಗಳಲ್ಲಿವೆ, ಕೆನಡಾದಲ್ಲೂ ಇವೆ. ಮಗಳು ಇದನ್ನೆಲ್ಲ ಹೇಳುತ್ತಿದ್ದಳು, ನನಗೆ ಬೇರೆಯದೇ ನೆನಪಾಗುತ್ತಿತ್ತು. ಗದಗಿನಿಂದ ಬಳ್ಳಾರಿಗೆ ಟ್ರಾನ್ಸ್‌ಫರ್ ಆದಾಗ ಲಾರಿಯಲ್ಲಿ ಫ್ರಿಜ್ಜಿಗೆ ಗೀರು ಬೀಳಬಾರದೆಂದು ಸುತ್ತಿದ್ದು ನಮ್ಮವ್ವನ ಕೌದಿ. ಫ್ರಿಜ್ಜು ಗೀರಿಲ್ಲದೆ ಬಂತು. ಕೌದಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಅವ್ವನೂ ಕೇಳಲಿಲ್ಲ.

ಮನೆಗೆ ಬಂದು ಹೊಲಿಗೆ ಬಿಚ್ಚುವ ಕೊಕ್ಕೆ ಹುಡುಕಿದೆ. ಆರನೆಯ ನಂಬರನ್ನು ಕಿತ್ತು ಸರಿಪಡಿಸಬೇಕಿತ್ತು. ಕೊಕ್ಕೆ ನಮ್ಮಾಕಿಯ ಕೈಯಲ್ಲಿತ್ತು.

"ಅದನ್ನ ಯಾಕ ಬಿಚ್ಚತೀರಿ? ಅದೊಂದs ಚೆಂದ ಬಂದೈತಿ. ಬಿಚ್ಚೂದಾದ್ರ ಉಳಿದ ಮೂರು ಬಿಚ್ರಿ, ಅವನ್ನೂ ಹಂಗs ತಿರುವ್ರಿ."

ಚೀಟಿ, ಪಿನ್ನು, ಚಪಾತಿ, ಎಲ್ಲ ಒಮ್ಮೆಗೇ ಟ್ಯಾಲಿ ಆದವು.

"ನೀನs ಏನು! ಎಲ್ಲಾ ತಿರುವಿದ್ರ ನಕ್ಷತ್ರs ಇರೂದಿಲ್ಲಲ್ಲ!"

"ಬ್ಯಾಡ ಬಿಡ್ರಿ. ಈ ಊರಾಗ ನಕ್ಷತ್ರಕ್ಕೇನು ಬರ ಬಂದೈತೇನು? ಕೊಟ್ಟಿಗಿಗೊಂದು ಬರದಾರ."

ನಾನು ಅಳಿಯನ ರೂಮಿನ ಬಾಗಿಲು ಬಡಿದೆ. ನಾಲ್ಕೂ ತಿರುಗಿದ್ದು ಎಕ್ಸೆಲ್ ಹಾಳೆಯಲ್ಲಿ ಎಷ್ಟನೆಯ ನಂಬರೆಂದು ಕೇಳುವುದಿತ್ತು.