ಶ್ರೀಮಾನ್ ಐದು ಸಾವಿರ ರೂಪಾಯಿಯವರಿಗೆ

ಮಹಾರಾಜಶ್ರೀ ಕ್ರೀಡಾ ಅನುದಾನ ಐದು ಸಾವಿರ ರೂಪಾಯಿಯವರ ಸನ್ನಿಧಾನಕ್ಕೆ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾವೆಲ್ಲ ಕ್ಷೇಮ. ತಾವು ಯಾವ ಖಾತೆಯಲ್ಲಿ, ಯಾವ ಪೋರ್ಟಲ್‌ನಲ್ಲಿ, ಯಾರ ಸಹಿಗೆ ಕಾಯುತ್ತ ಕ್ಷೇಮವಾಗಿದ್ದೀರೋ ತಿಳಿಸಬೇಕಾಗಿ ವಿನಂತಿ.

ತಮ್ಮ ವಂಶಾವಳಿ ನಮಗೆ ಬಾಯಿಪಾಠ. ಸಮಗ್ರ ಶಿಕ್ಷಾ ಎಂಬ ದೊಡ್ಡ ಮನೆತನದಲ್ಲಿ 2018-19ನೇ ಸಾಲಿನಲ್ಲಿ ತಮ್ಮ ಜನನ. ಒಟ್ಟು ಮೂವರು ಅಣ್ಣತಮ್ಮಂದಿರು. ಪ್ರೌಢಶಾಲೆಗೆ ಹೋಗುವ ಹಿರಿಯಣ್ಣ 25,000ದವರೆಗೆ ತೂಗುತ್ತಾರೆ. ಹಿರಿಯ ಪ್ರಾಥಮಿಕದ ನಡುವಿನವರು 10,000. ಒಂದರಿಂದ ಐದನೇ ತರಗತಿಯ ಮಕ್ಕಳ ಪಾಲಿಗೆ ಬಂದ ಕಿರಿಯರು ತಾವು. 2021ರಲ್ಲಿ ಮನೆತನಕ್ಕೆ ಸುಣ್ಣಬಣ್ಣ ಬಳಿದು ಇನ್ನೈದು ವರ್ಷಕ್ಕೆ ಮುಂದುವರಿಸಿದಾಗಲೂ ತಾವು ಒಂದು ರೂಪಾಯಿ ಬೆಳೆಯಲಿಲ್ಲ. ಮಕ್ಕಳ ಎತ್ತರ, ತೂಕ ಬರೆದಿಡುವ ಶಾಲೆಯಲ್ಲಿ ತಮ್ಮ ಬೆಳವಣಿಗೆಯನ್ನು ಯಾರೂ ಅಳೆಯದೇ ಹೋದದ್ದು ನಮ್ಮ ಅಪರಾಧವೇ ಇರಬೇಕು.

ಲೆಕ್ಕ ಹಾಕಿದರೆ ತಮಗೆ ಅಗೌರವ. ಆದರೂ ಮಗ್ಗಿ ಕಲಿತವನ ಕೈ ಸುಮ್ಮನಿರದು. ನಲವತ್ತು ಮಕ್ಕಳ ಶಾಲೆಯಲ್ಲಿ ತಾವು ತಲೆಗೆ ವರ್ಷಕ್ಕೆ 125 ರೂಪಾಯಿ. ಕಾನೂನು ಹೇಳುವ 200 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ ಅರವತ್ತೆರಡೂವರೆ ಪೈಸೆ. ನಾಲ್ಕುನೂರು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೂ ತಮ್ಮ ಅಣ್ಣನವರು ಅದೇ ಹತ್ತು ಸಾವಿರದ ಅಂಗಿ ತೊಟ್ಟು ಹೋಗುತ್ತಾರೆ. ಅಲ್ಲಿ ಮಗುವೊಂದಕ್ಕೆ ವರ್ಷಕ್ಕೆ 25 ರೂಪಾಯಿ, 220 ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದು ಪೈಸೆ ಚಿಲ್ಲರೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರಲ್ಲೇ ಚಲಾವಣೆಯಿಂದ ಹೊರಬಿದ್ದವು. ಹಾಗಾಗಿ ಆ ಮಗುವಿನ ಒಂದು ದಿನದ ಆಟವನ್ನು ಅಂಗೈಯಲ್ಲಿಟ್ಟು ತೋರಿಸುವುದಕ್ಕೂ ಬರುವುದಿಲ್ಲ.

ನಮ್ಮ ಕಡೆ ತಾವು ದಯಮಾಡಿಸುವುದು ಬಹುತೇಕ ಮಾರ್ಚ್ ಬಿಸಿಲಿನಲ್ಲಿ. ಬಂದವರಿಗೆ ಒಂದು ಲೋಟ ನೀರು ಕೊಡುವಷ್ಟರಲ್ಲಿ ಮಾರ್ಚ್ 31 ಎದುರು ನಿಂತಿರುತ್ತದೆ. ಅಷ್ಟರೊಳಗೆ ಖರ್ಚಾಗದಿದ್ದರೆ ತಾವು ಮುನಿಸಿಕೊಂಡು ತವರಿಗೆ ಹೊರಡುತ್ತೀರಿ. ಹಾಗಾಗಿ ಮುಖ್ಯ ಶಿಕ್ಷಕರು ಪಾಠ ಬಿಟ್ಟು ತಾಲ್ಲೂಕು ಕೇಂದ್ರದ ಬಸ್ಸು ಹತ್ತುತ್ತಾರೆ. ಜಿಎಸ್‌ಟಿ ಬಿಲ್ಲು ಕೊಡುವ ಅಂಗಡಿ ಅಲ್ಲೇ ಇರುವುದು. ಅಂಗಡಿಯವನಿಗೂ ಮಾರ್ಚ್ ಸುಗ್ಗಿ. ಶಾಲೆಯ ಹೆಸರು ಕೇಳುವ ಮೊದಲೇ ಚೀಲ ಕಟ್ಟಿಟ್ಟಿರುತ್ತಾನೆ: ಒಂದು ವಾಲಿಬಾಲು, ಎರಡು ರಿಂಗು, ಮೂರು ಸ್ಕಿಪ್ಪಿಂಗ್ ಹಗ್ಗ, ಒಂದು ಕೇರಂ ಬೋರ್ಡು, ಒಂದು ವಿಸಿಲು. ಆರು ವರ್ಷದ ಮಗುವಿನ ಕೈಗೆ ದೊಡ್ಡವರ ವಾಲಿಬಾಲು ಯಾಕಪ್ಪಾ ಎಂದು ಕೇಳುವ ಹಾಗಿಲ್ಲ, ಬಿಲ್ಲು ಆಗಲೇ ಹರಿದಾಗಿದೆ. ನೆಟ್ಟು ಮುಂದಿನ ವರ್ಷದ ತಮ್ಮ ಆಗಮನಕ್ಕೆ.

ಇಲ್ಲಿಂದ ಆಟ ಶುರುವಾಗಬೇಕಲ್ಲವೇ? ಶುರುವಾಗುವುದು ದಾಸ್ತಾನು ವಹಿ. ಚೆಂಡು ಮೊದಲು ವಹಿಗೆ ಏರುತ್ತದೆ, ಆಮೇಲೆ ಬೀರುವಿಗೆ. ಬೀರುವಿನ ಬೀಗದಕೈ ಮುಖ್ಯ ಶಿಕ್ಷಕರ ಜೇಬಿಗೆ. ಹೊರಗೆ ಕೊಟ್ಟರೆ ಚೆಂಡು ಮುಳ್ಳಿಗೆ ಸಿಕ್ಕಿ ಒಡೆಯಬಹುದು, ಒಡೆದರೆ ಲೆಕ್ಕ ತಪಾಸಣೆಗೆ ಬಂದವರು ಚೆಂಡೆಲ್ಲಿ ಅನ್ನಬಹುದು. ಒಡೆದ ಚೆಂಡನ್ನು ವಹಿಯಿಂದ ಇಳಿಸುವುದು ಸತ್ತವರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಸಿದಷ್ಟೇ ದೊಡ್ಡ ಕೆಲಸ. ಮುಖ್ಯ ಶಿಕ್ಷಕರು ಕೆಟ್ಟವರಲ್ಲ, ಹೆದರಿದವರು. ಮಕ್ಕಳು ಆಡಿದರೆಂದು ಅವರಿಗೆ ಯಾರೂ ಶಾಲು ಹೊದಿಸುವುದಿಲ್ಲ, ಚೆಂಡು ಕಾಣೆಯಾದರೆ ಮಾತ್ರ ನೋಟಿಸು ತಪ್ಪಿದ್ದಲ್ಲ. ಆದ್ದರಿಂದ ಮಕ್ಕಳು ಹೊರಗೆ ಚಪ್ಪಲಿ ಪೇರಿಸಿ ಲಗೋರಿ ಆಡುತ್ತವೆ, ತಾವು ಒಳಗೆ ಗಾಳಿ ಇಳಿದು ಮೆತ್ತಗಾಗುತ್ತೀರಿ. ಹಣ ಬಳಕೆ ಪ್ರಮಾಣ ಪತ್ರ ಮಾತ್ರ ಸಕಾಲಕ್ಕೆ ಹೋಗಿರುತ್ತದೆ. ಅದರ ಪ್ರಕಾರ ತಾವು ಸಂಪೂರ್ಣವಾಗಿ ಸದ್ವಿನಿಯೋಗವಾಗಿದ್ದೀರಿ. ಅಭಿನಂದನೆಗಳು.

ಸರ್ಕಾರಕ್ಕೆ ಮಕ್ಕಳ ಮೈಮೇಲೆ ಕಾಳಜಿ ಇಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. 2013ರಿಂದ ಕ್ಷೀರಭಾಗ್ಯ ಬಂತು. ಮೊಟ್ಟೆ ಬಂತು, ಒಲ್ಲದವರಿಗೆ ಬಾಳೆಹಣ್ಣು ಬಂತು. ಕಾಲಿಗೆ ಶೂ, ಸಾಕ್ಸು ಬಂತು. ಶೂ ಹಾಕಿಕೊಂಡು ಎಲ್ಲಿ ಓಡಬೇಕು ಎಂಬ ಬಗ್ಗೆ ಮಾತ್ರ ಇನ್ನೂ ಸುತ್ತೋಲೆ ಬಂದಿಲ್ಲ.

ಓಡಿಸುವವರು ಯಾರು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಅದನ್ನು ಓದಿದರೆ ತಾವೂ ಬೆವರುತ್ತೀರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ, ಆಟದ ಸಾಮಗ್ರಿ ಬೇಕೆನ್ನುತ್ತದೆ. ದೈಹಿಕ ಶಿಕ್ಷಣದ ಬೋಧಕರು ಮಾತ್ರ ಆರರಿಂದ ಎಂಟನೇ ತರಗತಿಯವರಿಗೆ, ನೂರಕ್ಕೂ ಹೆಚ್ಚು ಮಕ್ಕಳಿದ್ದರೆ, ಅದೂ ಅರೆಕಾಲಿಕ. ಒಂದರಿಂದ ಐದರವರೆಗೆ ಆ ಮಾತೇ ಇಲ್ಲ. ಅಂದರೆ ಮಗು ಓಡಲು, ನೆಗೆಯಲು, ಎಸೆಯಲು, ಹಿಡಿಯಲು ಕಲಿಯುವ ವಯಸ್ಸು ಪೂರ್ತಿ ಕಳೆದ ಮೇಲೆ, ಅದೃಷ್ಟವಿದ್ದು ನೂರ ಒಂದನೆಯವನಾಗಿ ಸೇರಿದರೆ, ವಿಸಿಲಿನ ಶಬ್ದ ಕೇಳಬಹುದು. ಅರವತ್ತರೊಳಗೆ ಮಕ್ಕಳಿರುವ ನಮ್ಮಂಥ ಶಾಲೆಗೆ ಕಾನೂನು ಕೊಡುವುದು ಇಬ್ಬರು ಶಿಕ್ಷಕರನ್ನು. ಒಬ್ಬರು ನಲಿ-ಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳನ್ನು ಒಟ್ಟಿಗೆ ನೋಡಬೇಕು, ಇನ್ನೊಬ್ಬರು ಉಳಿದ ಎರಡನ್ನು. ಅದರಲ್ಲಿ ಒಬ್ಬರು ಸಭೆಗೋ ಸಮೀಕ್ಷೆಗೋ ಮತದಾರರ ಪಟ್ಟಿಗೋ ಹೋಗಿರುತ್ತಾರೆ. ವೇಳಾಪಟ್ಟಿಯಲ್ಲಿ ‘ದೈ.ಶಿ.’ ಎಂದು ಬರೆದ ಅವಧಿ ಬಂದಾಗ ಉಳಿದ ಒಬ್ಬರು ಕಿಟಕಿಯಿಂದ ‘ಹೋಗಿ ಆಡ್ಕೊಳ್ರೋ’ ಎಂದು ಕೂಗುತ್ತಾರೆ. ಆಗ ಐದನೇ ಕ್ಲಾಸಿನ ಹುಡುಗರು ಬ್ಯಾಟು ಹಿಡಿಯುತ್ತಾರೆ, ಒಂದನೇ ಕ್ಲಾಸಿನವರು ಚೆಂಡು ಹೆಕ್ಕುತ್ತಾರೆ, ಹುಡುಗಿಯರು ಜಗಲಿಯ ಮೇಲೆ ಕೂತು ನೋಡುತ್ತಾರೆ. ಕಾಲು ಸರಿಯಿಲ್ಲದ ಮಗುವಿಗೆ ಎಲ್ಲರ ಚಪ್ಪಲಿ ಕಾಯುವ ಕೆಲಸ.

ಪಿ.ಟಿ. ಮೇಷ್ಟ್ರು ಅಂದರೆ ಆಗಸ್ಟ್ 15ಕ್ಕೆ ಸಾಲು ನಿಲ್ಲಿಸುವವರು, ಕ್ರೀಡಾಕೂಟಕ್ಕೆ ಸುಣ್ಣದ ಗೆರೆ ಎಳೆಯುವವರು ಎಂದು ಮೇಲಿನವರು ತಿಳಿದಂತಿದೆ. ನೆಗೆದ ಮೇಲೆ ಮಂಡಿ ಮಡಚಿ ಇಳಿಯಬೇಕು ಎಂದು ಮಗುವಿಗೆ ಯಾರಾದರೂ ಹೇಳಿಕೊಡಬೇಕು. ಚೆಂಡು ಹತ್ತಿರ ಬಂದರೂ ಕೈ ಚಾಚದ ಹುಡುಗಿಗೆ ಕಣ್ಣು ಮಂಜಾಗಿದೆ ಎಂದು, ಎರಡು ಸುತ್ತಿಗೇ ಏದುಸಿರು ಬಿಡುವ ಹುಡುಗನಿಗೆ ರಕ್ತ ಕಡಿಮೆ ಇರಬಹುದು ಎಂದು ಮೊದಲು ಗುರುತಿಸುವವರು ಬಯಲಿನಲ್ಲಿ ನಿಂತವರೇ. ಹಾಗೆ ನಿಲ್ಲಬಲ್ಲವರು, ತರಬೇತಿ ಪಡೆದವರು ರಾಜ್ಯದಲ್ಲಿ ಇದ್ದಾರೆ. ತಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ, ದೈಹಿಕ ಶಿಕ್ಷಣದ ಕುರಿತ ಪ್ರೊ. ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ಅವರು ಮನವಿ ಕೊಡುತ್ತಲೇ ಬಂದಿದ್ದಾರೆ. ಕೂತಲ್ಲೇ ಕೂತು ಆ ವರದಿಗೇ ಈಗ ಬೊಜ್ಜು ಬಂದಿರಬೇಕು.

ಬಯಲಿನ ವಿಚಾರ ಹೆಚ್ಚು ಬರೆಯುವುದಿಲ್ಲ. ಶಾಲೆಯ ಅಂಗಳದಲ್ಲಿ ನೀರಿನ ಟ್ಯಾಂಕು, ಅಂಗನವಾಡಿ, ಪಕ್ಕದ ಜಮೀನಿನವರ ಒತ್ತುವರಿ ಎಲ್ಲಕ್ಕೂ ಜಾಗವಿದೆ. ಮೈದಾನವಿಲ್ಲದ ಶಾಲೆ ಇರಲಾಗದು ಎಂದು 2023ರಲ್ಲಿ ಹರಿಯಾಣದ ಒಂದು ಶಾಲೆಯ ಒತ್ತುವರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾವೂ ತಲೆದೂಗಿದೆವು. ಒತ್ತುವರಿ ಮಾಡಿದವರೂ ತಲೆದೂಗಿದರು.

ಇಷ್ಟಾದರೂ ಶಾಲೆಗಳು ‘ಫಿಟ್’ ಆಗದೆ ಉಳಿದಿಲ್ಲ. 2019ರ ಆಗಸ್ಟ್ 29ರಂದು, ಧ್ಯಾನ್‌ಚಂದ್ ಜನ್ಮದಿನಕ್ಕೆ, ಫಿಟ್ ಇಂಡಿಯಾ ಆಂದೋಲನ ಹುಟ್ಟಿತಲ್ಲ, ಅದರಲ್ಲಿ ಶಾಲೆಗಳಿಗೆ ಧ್ವಜ ಉಂಟು, ತ್ರೀ ಸ್ಟಾರ್ ಉಂಟು, ಫೈವ್ ಸ್ಟಾರ್ ಉಂಟು. ನಮ್ಮಲ್ಲಿ ಮೈದಾನವಿದೆ, ತರಬೇತಾದ ಶಿಕ್ಷಕರಿದ್ದಾರೆ, ಮಕ್ಕಳು ದಿನಕ್ಕೆ ಅರವತ್ತು ನಿಮಿಷ ಮೈ ದಂಡಿಸುತ್ತವೆ ಎಂದು ಶಾಲೆಯೇ ಪೋರ್ಟಲ್‌ನಲ್ಲಿ ಘೋಷಿಸಿಕೊಂಡರೆ ಪ್ರಮಾಣ ಪತ್ರ ಸಿದ್ಧ. ದೇಹದಂಡನೆಯಲ್ಲಿ ಬೆರಳಿನ ವ್ಯಾಯಾಮವೂ ಸೇರಿದೆ ಎಂದು ನಮಗೆ ಆಗಲೇ ತಿಳಿದದ್ದು.

ಈಗ ತಮ್ಮ ಶ್ರೀಮಂತ ಬಂಧುಗಳ ಸಮಾಚಾರ. ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ, 2021ರಲ್ಲಿ, ಚಿನ್ನ ಗೆದ್ದ ಕನ್ನಡಿಗರಿಗೆ ಐದು ಕೋಟಿ ಎಂದು ನಮ್ಮ ರಾಜ್ಯ ಸರ್ಕಾರ ಘೋಷಿಸಿತು. ಗೆದ್ದವರಿಗೆ ಕೊಡಬೇಕು, ಹೊಟ್ಟೆಕಿಚ್ಚಿಲ್ಲ. ಆದರೆ ಐದು ಕೋಟಿ ಅಂದರೆ ತಮ್ಮಂಥ ಹತ್ತು ಸಾವಿರ ಜನ. ಹತ್ತು ಸಾವಿರ ಶಾಲೆಗಳ ಒಂದು ವರ್ಷದ ಆಟ. ತಮ್ಮ ಮನೆತನದಲ್ಲೇ ಇನ್ನೊಂದು ಸಂಪ್ರದಾಯವಿದೆಯಂತೆ: ಶಾಲೆಯೊಂದರ ಇಬ್ಬರಾದರೂ ಖೇಲೋ ಇಂಡಿಯಾ ರಾಷ್ಟ್ರಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಪದಕ ಗೆದ್ದರೆ ಆ ಶಾಲೆಗೆ 25,000ದವರೆಗೆ ಹೆಚ್ಚುವರಿ. ಮೈದಾನವೂ ಮೇಷ್ಟ್ರೂ ಇದ್ದು ಗೆದ್ದ ಶಾಲೆಗೆ ಇನ್ನಷ್ಟು, ಎರಡೂ ಇಲ್ಲದೆ ಕೂತ ಶಾಲೆಗೆ ತಾವೊಬ್ಬರೇ. ಉಂಡವನಿಗೇ ಎರಡನೇ ಸಲ ಬಡಿಸುವ ಈ ಪಂಕ್ತಿಯಲ್ಲಿ ನಮ್ಮ ಎಲೆ ಎಲ್ಲಿ ಬಿದ್ದಿದೆ ಎಂದು ತಾವೇ ನೋಡಿ.

ದುಡ್ಡು ಹೆಚ್ಚು ಬೇಡದ ಆಟದ ಕಥೆಯನ್ನೂ ಕೇಳಿ. ಖೊ-ಖೊಗೆ ಬೇಕಾದದ್ದು ಎರಡು ಕಂಬ, ಒಂದು ಬಯಲು, ಒಂದು ವಿಸಿಲು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ನಡೆದು ಭಾರತದ ಮಹಿಳೆಯರೂ ಪುರುಷರೂ ಗೆದ್ದರು. ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ, ಪುರುಷರ ತಂಡದಲ್ಲಿ ಎಂ.ಕೆ. ಗೌತಮ್. ನಮ್ಮ ರಾಜ್ಯ ಸರ್ಕಾರ ಈ ಇಬ್ಬರಿಗೆ ತಲಾ ಐದು ಲಕ್ಷ ಎಂದಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದರ ಮುಂದೆ ಇದೇನು ಎಂದು ಇಬ್ಬರೂ ಬೇಡವೆಂದರು. ವಿಶ್ವಕಪ್ ಗೆದ್ದವರು ಬೇಡ ಅನ್ನಬಹುದು, ಸುದ್ದಿಯಾಗುತ್ತದೆ. ನಮ್ಮ ಶಾಲೆ ತಮ್ಮನ್ನು ಬೇಡ ಎಂದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ.

ಸೀಮೆಯಾಚೆಯೂ ತಮಗೊಬ್ಬರು ನೆಂಟರಿದ್ದಾರೆ. ಲಂಡನ್ ಒಲಿಂಪಿಕ್ಸ್‌ನ ಮರುವರ್ಷ, 2013ರಲ್ಲಿ, ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಿಗೆಂದೇ ಹುಟ್ಟಿದವರು. 2017ರಲ್ಲಿ ಅವರ ಮೈತೂಕ ದುಪ್ಪಟ್ಟಾಯಿತು. ಹದಿನೇಳು ಮಕ್ಕಳಿರುವ ಪುಟ್ಟ ಶಾಲೆಗೂ 16,000 ಪೌಂಡು, ಅದರ ಮೇಲೆ ತಲೆಗೆ ಹತ್ತು ಪೌಂಡು. ನಮ್ಮ ಲೆಕ್ಕದಲ್ಲಿ ಹದಿನೇಳು ಲಕ್ಷ ರೂಪಾಯಿಗೂ ಮಿಕ್ಕಿ. ಯಾವುದಕ್ಕೆ ಖರ್ಚಾಯಿತು ಎಂದು ಶಾಲೆ ಜನರ ಮುಂದೆ ಪ್ರಕಟಿಸಬೇಕು. ಅಲ್ಲಿಯ ಸಂಬಳ, ಬೆಲೆ ಬೇರೆ, ಒಪ್ಪಿದೆ. ನನ್ನ ಕಣ್ಣು ಬಿದ್ದದ್ದು ಮೊತ್ತದ ಮೇಲಲ್ಲ, ಅದು ಬಂದ ದಾರಿಯ ಮೇಲೆ: ದುಪ್ಪಟ್ಟು ಮಾಡಲು ಅವರು ನೆಚ್ಚಿದ್ದು ಸಕ್ಕರೆ ಪಾನೀಯಗಳ ಮೇಲಿನ ತೆರಿಗೆಯನ್ನು. ನಮ್ಮಲ್ಲೂ ಬಾಟಲಿಯ ತಂಪು ಪಾನೀಯಕ್ಕೆ ಶೇಕಡಾ 40 ತೆರಿಗೆ ಇದೆ. ನಮ್ಮೂರ ಮಕ್ಕಳೂ ಜಾತ್ರೆಯಲ್ಲಿ ಕುಡಿದು ತಮ್ಮ ಪಾಲು ಕಟ್ಟಿದ್ದಾರೆ. ಅದರಲ್ಲಿ ನಾಲ್ಕಾಣೆ ಕೂಡ ಅವರ ಬಯಲಿನ ಹೆಸರು ಹೊತ್ತು ಬಂದದ್ದನ್ನು ನಾವು ಕಂಡಿಲ್ಲ.

ಆದ್ದರಿಂದ ಶ್ರೀಮಾನರೇ, ತಮ್ಮಲ್ಲಿ ಅರಿಕೆ. ಮಾರ್ಚ್‌ನಲ್ಲಿ ಬರಬೇಡಿ, ಶಾಲೆ ತೆರೆಯುವ ಜೂನ್‌ನಲ್ಲಿ ಬನ್ನಿ. ಕಟ್ಟಡ ನೋಡಿ ಬರಬೇಡಿ, ಮಕ್ಕಳ ತಲೆ ಎಣಿಸಿ ಬನ್ನಿ. ಬರುವಾಗ ವಹಿಗೊಂದು ಷರಾ ತನ್ನಿ: ಆಡಿ ಸವೆದ ಚೆಂಡಿಗೆ ವಿವರಣೆ ಕೇಳತಕ್ಕದ್ದಲ್ಲ, ವರ್ಷದ ಕೊನೆಗೂ ಹೊಸದಾಗಿ ಹೊಳೆಯುವ ಚೆಂಡಿಗೆ ಕೇಳತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಒಂಟಿಯಾಗಿ ಬರಬೇಡಿ. ಪ್ರತಿ ಸಣ್ಣ ಶಾಲೆಗೊಬ್ಬ ಪಿ.ಟಿ. ಮೇಷ್ಟ್ರನ್ನು ಕೊಡಲಾಗದು ಎಂಬುದು ನಮಗೂ ಗೊತ್ತು. ಆದರೆ ಅಕ್ಕಪಕ್ಕದ ಶಾಲೆಗಳನ್ನು ಸೇರಿಸಿದ ಕ್ಲಸ್ಟರ್‌ಗಳು ಆಗಲೇ ಇವೆ. ಕಾಗದ ಸಂಗ್ರಹಿಸಲು ಶಾಲೆಯಿಂದ ಶಾಲೆಗೆ ಓಡಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳೂ (ಸಿಆರ್‌ಪಿ) ಇದ್ದಾರೆ. ಹಾಗೆಯೇ ಕ್ಲಸ್ಟರ್‌ಗೆ ಒಬ್ಬ ದೈಹಿಕ ಶಿಕ್ಷಕರು ಸರದಿಯ ಮೇಲೆ ವಾರಕ್ಕೆ ಒಂದು ದಿನ ಬಂದರೂ ಸಾಕು. ಅವರು ಬಂದರೆ ಚೆಂಡಿಲ್ಲದೆಯೂ ಆಟ ನಡೆದೀತು. ಅವರು ಬಾರದಿದ್ದರೆ ತಾವು ಐದು ಸಾವಿರದಿಂದ ಐವತ್ತು ಸಾವಿರಕ್ಕೆ ಬೆಳೆದರೂ ನಮ್ಮ ಬೀರು ದೊಡ್ಡದಾಗುತ್ತದೆ ಅಷ್ಟೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಪತ್ರವನ್ನೇ ಠರಾವಾಗಿ ಮಂಡಿಸುವವನಿದ್ದೇನೆ. ಓದಿದವರು ತಮ್ಮೂರಿನ ಶಾಲೆಯ ಬೀರುವನ್ನೂ ಒಮ್ಮೆ ತೆಗೆಸಿ ನೋಡಿ.

ಇತಿ ತಮ್ಮ ವಿಧೇಯ,
ಎಸ್‌ಡಿಎಂಸಿ ಸದಸ್ಯ