ಬೈಟು ಕಾನೂನು

ತಿಪಟೂರಿನ ತಾಲೂಕು ಕಚೇರಿ ಹತ್ತಿರದ ಯಾವುದಾದರೂ ಟೀ ಅಂಗಡಿಗೆ ಹೋಗಿ, ಕೈಯಲ್ಲಿ ಒಂದು ಪಹಣಿ ಹಿಡಿದು ಸುಮ್ಮನೆ ನಿಂತುಕೊಳ್ಳಿ. ಯಾರನ್ನೂ ಏನೂ ಕೇಳಬೇಡಿ. ಐದೇ ನಿಮಿಷ, ನಿಮ್ಮ ಭುಜದ ಮೇಲಿಂದ ಒಂದು ಕನ್ನಡಕ ಇಣುಕುತ್ತದೆ. "ಒಂಬತ್ತನೇ ಕಾಲಂ ಬುಡಪ್ಪ, ಹನ್ನೊಂದು ನೋಡು ಮೊದ್ಲು. ಸಾಲಸೋಲ ಎಲ್ಲಾ ಅಲ್ಲೈತೆ" ಎಂಬ ಮಾತು ಕಿವಿಗೆ ಬೀಳುತ್ತದೆ. ತಿರುಗಿ ನೋಡಿದರೆ ಪಾಯಿಂಟಣ್ಣ.

ಪಾಯಿಂಟಣ್ಣ ಎಂಬುದು ಅಪ್ಪಅಮ್ಮ ಇಟ್ಟ ಹೆಸರಲ್ಲ. "ಇದ್ರಲ್ಲೊಂದು ಪಾಯಿಂಟ್ ಐತೆ" ಎಂದು ಮಾತು ಶುರುಮಾಡುವ ಅಭ್ಯಾಸಕ್ಕೆ ಬಿದ್ದ ಹೆಸರು. ತಿಪಟೂರಿಗೊಬ್ಬರು, ತುರುವೇಕೆರೆಗೊಬ್ಬರು, ಚಿಕ್ಕನಾಯಕನಹಳ್ಳಿಗೊಬ್ಬರು ಅಂತ ಮೂರೂ ಕಡೆ ಇದ್ದಾರೆ. ಮೂವರೂ ಒಂದೇ ಅಚ್ಚು: ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು (ಒಂದು ಬರೆಯುವುದಿಲ್ಲ), ಕಂಕುಳಲ್ಲಿ ಜವಳಿ ಅಂಗಡಿಯ ಬಟ್ಟೆಚೀಲ. ಚೀಲದಲ್ಲಿ ಇಸಿ, ಪಾಲುಪಟ್ಟಿ, ಟಿಪ್ಪಣಿ, ಆಕಾರಬಂದು, 11ಇ ನಕ್ಷೆ, ಯಾರದ್ದೋ ಅಜ್ಜಿಯ ಮರಣ ಪ್ರಮಾಣಪತ್ರ. ಎಲ್ಲವೂ ಜೆರಾಕ್ಸು. ಅಸಲು ಯಾವುದೂ ಇಲ್ಲ.

ನಮ್ಮ ತಿಪಟೂರಿನ ಅಣ್ಣ ಕಾನೂನು ಕಲಿತದ್ದು ಕಾಲೇಜಿನಲ್ಲಲ್ಲ, ವಾಯಿದೆಗೆ ಅಲೆದು. ಬದುವಿನ ಮೇಲಿನ ಒಂದೇ ಒಂದು ತೆಂಗಿನ ಮರ ತನ್ನದೋ ದಾಯಾದಿಯದೋ ಎಂದು ಹನ್ನೊಂದು ವರ್ಷ ದಾವೆ ನಡೆಸಿದರು. ಹದ್ದುಬಸ್ತು ಮಾಡಿಸಿದ್ದಾಯಿತು, ಕೋರ್ಟ್ ಕಮಿಷನರು ಬಂದು ಅಳೆದದ್ದಾಯಿತು, ಚಕ್ಕುಬಂದಿ ಓದಿದ್ದಾಯಿತು. ಅಷ್ಟರಲ್ಲಿ ಮರಕ್ಕೆ ಕಾಂಡ ಸೋರುವ ರೋಗ ಬಂದು ಅದು ಒರಗಿಯೇ ಹೋಯಿತು. ದಾವೆ ಮಾತ್ರ ಹಸಿರಾಗಿ ಇನ್ನೂ ಎರಡು ವರ್ಷ ನಿಂತಿತ್ತು. ಆ ಹನ್ನೊಂದು ವರ್ಷದಲ್ಲಿ ವಕೀಲರ ಆಫೀಸಿನ ಬೆಂಚಿನ ಮೇಲೆ ಕೂತು ಕಿವಿಗೆ ಬಿದ್ದದ್ದೇ ಅವರ ವಿದ್ಯೆ.

ಫೀಸು ಕೇಳುವವರಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಒಂದು ಟೀ ಸಾಕು. ಅದೂ ಫುಲ್ ಅಲ್ಲ, "ಬೈಟು ಹೇಳಪ್ಪ". ಅವರ ಕಾನೂನೂ ಹಾಗೇ. ಕಾಯ್ದೆಯನ್ನು ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ನಿಮ್ಮ ಕೈಗೆ ಕೊಡುತ್ತಾರೆ. ಕೊಟ್ಟಷ್ಟು ಸುಳ್ಳಲ್ಲ, ಬಿಸಿಯಾಗಿಯೂ ಇರುತ್ತದೆ. ಇನ್ನೊಂದು ಲೋಟ ಎದುರು ಪಾರ್ಟಿ ಕೈಯಲ್ಲಿರುತ್ತದೆ. ಅದು ಗೊತ್ತಾಗುವುದು ವಕಾಲತ್ತಿಗೆ ಸೈನು ಹಾಕಿದ ಮೇಲೆ.

"ಪಹಣಿ ನಿನ್ ಹೆಸ್ರಿಗೈತಾ? ಮುಗೀತು ಕಣೋ, ಜಮೀನು ನಿಂದೇ." ಇದು ಅರ್ಧ ಲೋಟ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪಹಣಿಯಲ್ಲಿರುವುದು ನಿಜ ಎಂದೇ ಭಾವಿಸಬೇಕು ಎನ್ನುತ್ತದೆ, ಅದು ಸುಳ್ಳೆಂದು ಯಾರಾದರೂ ರುಜುವಾತು ಮಾಡುವ ತನಕ. ಆ ಕೊನೆಯ ತುಂಡನ್ನು ಅಣ್ಣ ಕುಡಿದುಬಿಟ್ಟಿರುತ್ತಾರೆ. ಖಾತೆ, ಪಹಣಿ, ಮುಟೇಶನ್ ಇವೆಲ್ಲ ಕಂದಾಯ ಯಾರಿಂದ ವಸೂಲು ಮಾಡಬೇಕು ಅಂತ ಸರ್ಕಾರ ಬರೆದಿಟ್ಟುಕೊಂಡ ಲೆಕ್ಕ. ಹಕ್ಕು ಬರುವುದು ಕ್ರಯಪತ್ರದಿಂದ, ವಿಭಾಗಪತ್ರದಿಂದ, ದಾನಪತ್ರದಿಂದ, ಇಲ್ಲವೇ ವಾರಸುದಾರಿಕೆಯಿಂದ. ಪಹಣಿಯಲ್ಲಿ ಹೆಸರು ಕೂತ ಮಾತ್ರಕ್ಕೆ ತೋಟ ನಮ್ಮದಾಗುವಂತಿದ್ದರೆ, 2000ದ ಹೊತ್ತಿಗೆ ಕೈಬರಹದ ಪಹಣಿಗಳನ್ನು 'ಭೂಮಿ' ಕಂಪ್ಯೂಟರಿಗೆ ತುಂಬಿಸುವಾಗ ಹೆಸರು ತಪ್ಪಾಗಿ ಕುಟ್ಟಿಸಿಕೊಂಡವರೆಲ್ಲ ಬೀದಿಗೆ ಬರಬೇಕಿತ್ತು. ಅಂಥ ತಕರಾರಿಗೆಂದೇ ಉಪವಿಭಾಗಾಧಿಕಾರಿಗಳ ಹತ್ತಿರ ಮೇಲ್ಮನವಿ ಉಂಟು. ನಮ್ಮ ಮೂರೂ ತಾಲೂಕಿನವರು ಅದಕ್ಕೆ ತಿಪಟೂರಿಗೇ ಬರಬೇಕು. ಅಣ್ಣನ ಟೀ ಅಂಗಡಿಗೆ ಗಿರಾಕಿ ತಪ್ಪದಿರುವುದಕ್ಕೆ ಅದೂ ಒಂದು ಕಾರಣ.

"ಹನ್ನೆರಡು ವರ್ಷ ಅನುಭವದಲ್ಲಿದ್ಯಾ? ಯಾವನೂ ಎಬ್ಬಿಸಂಗಿಲ್ಲ." ಹನ್ನೆರಡು ವರ್ಷ ಎಂಬುದು ಕಾಲಮಿತಿ ಕಾಯ್ದೆಯಲ್ಲಿ ಇರುವುದು ಹೌದು. ಆದರೆ ಅದು ಮಾಲೀಕನ ಹಕ್ಕನ್ನು ಧಿಕ್ಕರಿಸಿ, ಅವನಿಗೆ ಗೊತ್ತಾಗುವಂತೆ ಕೂತವನಿಗೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನ ಪಾಲನ್ನೂ ಸೇರಿಸಿ ಅಣ್ಣ ಕಾಯಿ ಕೀಳಿಸಿಕೊಂಡು ಬಂದರೆ ಆ ಲೆಕ್ಕ ನಡೆಯದು. ಜಂಟಿ ಆಸ್ತಿಯಲ್ಲಿ ಒಬ್ಬ ಕೂತರೆ ಎಲ್ಲರೂ ಕೂತ ಹಾಗೆ. ಇಷ್ಟು ವಿವರಿಸಿದರೆ ಪಾಯಿಂಟಣ್ಣ ಒಪ್ಪುತ್ತಾರೆ. ಒಪ್ಪಿ, ಮರುದಿನ ಬೇರೆಯವನಿಗೆ ಅದೇ ಹನ್ನೆರಡು ವರ್ಷ ಹೇಳುತ್ತಾರೆ.

ಉಯಿಲಿನ ವಿಷಯದಲ್ಲಿ ಅವರದ್ದು ತಿರುಗುಮುರುಗು. ಛಾಪಾ ಕಾಗದ ಇರಲೇಬೇಕು, ರಿಜಿಸ್ಟರ್ ಆಗಲೇಬೇಕು ಎನ್ನುತ್ತಾರೆ. ಎರಡೂ ಬೇಕಿಲ್ಲ. ಮಗನ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಬರೆಯುವಾತ ಸೈನು ಹಾಕಿದ್ದನ್ನು ನೋಡಿದ ಇಬ್ಬರು ಸಾಕ್ಷಿಗಳ ಸೈನು ಮಾತ್ರ ಬೇಕೇಬೇಕು. ಅದನ್ನು ಹೇಳಲು ಅಣ್ಣನಿಗೆ ನೆನಪಾಗುವುದಿಲ್ಲ. ರಿಜಿಸ್ಟರ್ ಮಾಡಿಸಿದರೆ ಮುಂದೆ ಜಗಳ ಕಡಿಮೆ ಎಂಬುದು ನಿಜ. ಆದರೆ ಜಗಳ ಕಡಿಮೆಯಾಗಲಿ ಅಂತ ಅಣ್ಣ ಎಂದೂ ಸಲಹೆ ಕೊಟ್ಟವರಲ್ಲ.

ಒಮ್ಮೆ ಮಾತ್ರ ನಾನು ಅವರಿಗೆ ಸೋತೆ. ಯಾರೋ ತೋಟ ಮಾರಿದ್ದರು, ಮರದಲ್ಲಿದ್ದ ಕಾಯಿ ಯಾರಿಗೆ ಸೇರಬೇಕು ಎಂದು ಪೇಚಾಟ. ಅಣ್ಣ ಟೀ ಹೀರಿ, "ಇದ್ರಲ್ಲೊಂದು ಪಾಯಿಂಟ್ ಐತೆ. ತೆಂಗಿನ ಮರ ಸ್ಥಿರಾಸ್ತಿ, ಅದರ ಮೇಲಿರೋ ಕಾಯಿ ಚರಾಸ್ತಿ" ಎಂದರು. ನಾನು ನಕ್ಕೆ. ಮನೆಗೆ ಹೋಗಿ 1908ರ ನೋಂದಣಿ ಕಾಯ್ದೆ ತೆಗೆದು ನೋಡಿದರೆ ಚರಾಸ್ತಿಯ ಪಟ್ಟಿಯಲ್ಲಿ ಮರದ ಮೇಲಿನ ಹಣ್ಣು, ಮರದೊಳಗಿನ ರಸ ಎರಡೂ ಇವೆ! ನೀರಾ ಇಳಿಸುವವರಿಗೂ ಬ್ರಿಟಿಷರು ಜಾಗ ಬಿಟ್ಟಿದ್ದಾರೆ. ಬೀಳುವ ತನಕ ಕಾಯಿ ಮರದ್ದು ಎಂದು ನಂಬಿ ಬೆಳೆದವನು ನಾನು. ಅವತ್ತು ಫುಲ್ ಟೀ ಕೊಡಿಸಲು ಹೋದೆ. ಬೇಡ ಎಂದರು, ಬೈಟು ಸಾಕಂತೆ.

ಈಗ ಇವರಿಗೆ ಸುಗ್ಗಿ ತಂದಿರುವುದು ಪೌತಿ ಖಾತೆ. ನಮ್ಮ ಕಡೆ ಎಷ್ಟೋ ತೋಟಗಳ ಪಹಣಿಯಲ್ಲಿ ತೀರಿಕೊಂಡು ಮೂವತ್ತು ವರ್ಷವಾದ ಅಜ್ಜ ಇನ್ನೂ ಉಳುತ್ತಲೇ ಇದ್ದಾನೆ. ಕೊಬ್ಬರಿ ವರ್ತಕರಿಗೆ ಹಾಕುವ ತನಕ ಅಜ್ಜನಿಂದ ಯಾರಿಗೂ ತೊಂದರೆಯಿಲ್ಲ. ನಫೆಡ್ಡಿಗೆ ಬಿಡಲು ಹೋದಾಗ ಕಥೆ ಬೇರೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ. ಅದಕ್ಕೆ ಹೆಸರು ನೋಂದಾಯಿಸಬೇಕು, ನೋಂದಣಿಗೆ ಫ್ರೂಟ್ಸ್ ಐಡಿ, ಐಡಿಗೆ ಪಹಣಿ, ಪಹಣಿಯಲ್ಲಿ ಅಜ್ಜ. ಅಜ್ಜನ ಹೆಬ್ಬೆಟ್ಟನ್ನು ತರುವುದೆಲ್ಲಿಂದ? ಈಗ ಇ-ಪೌತಿ ಅಂತ ಗ್ರಾಮ ಆಡಳಿತ ಅಧಿಕಾರಿಗಳೇ ಊರೂರಿಗೆ ಬಂದು ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುತ್ತಿದ್ದಾರೆ. ವಂಶವೃಕ್ಷ ಬರೆದುಕೊಡಿ ಎನ್ನುತ್ತಾರೆ. ಅಲ್ಲಿಗೆ ಬಂತು ತಾಪತ್ರಯ. ವೃಕ್ಷ ಅಂದಮೇಲೆ ಹೆಣ್ಣುಮಕ್ಕಳ ಕೊಂಬೆಯನ್ನೂ ಬರೆಯಬೇಕಲ್ಲ.

ಹೀಗೇ ನೊಣವಿನಕೆರೆ ಕಡೆಯ ಒಂದು ತೋಟದ ಮನೆಯಲ್ಲಿ ಪಂಚಾಯ್ತಿಗೆ ಸೇರಿದ್ದೆವು. 3 ಎಕರೆ 6 ಗುಂಟೆ ತೋಟ, ಅಜ್ಜನ ಕಾಲದ್ದು. ಇಬ್ಬರು ತಮ್ಮಂದಿರು, ಹುಳಿಯಾರಿನ ಕಡೆ ಕೊಟ್ಟ ಒಬ್ಬಳು ಅಕ್ಕ. ಅಪ್ಪಅಮ್ಮ ಇಬ್ಬರೂ ಇಲ್ಲ. ತಮ್ಮಂದಿರು ಪಾಯಿಂಟಣ್ಣನನ್ನು ಬೈಕಿನಲ್ಲಿ ಕರೆತಂದಿದ್ದರು. ನಾನು ಸಾಕ್ಷಿ ಹಾಕಲು ಹೋದವನು.

ಅಕ್ಕ ಕುರ್ಚಿ ಬೇಡ ಎಂದು ಅಟ್ಟದ ಕೆಳಗೆ ಚಾಪೆಯ ಮೇಲೆ ಕೂತಿದ್ದರು. ಅಟ್ಟದ ತುಂಬಾ ಹೋದ ವರ್ಷದ ಕಾಯಿ. ಕೆಳಗೆ ಉರುಳಿದ್ದ ಒಂದೊಂದನ್ನೇ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದರು. ಗಡಗಡ ಎಂದದ್ದು ಬಲಕ್ಕೆ, ಒಳಗೆ ಇನ್ನೂ ನೀರಾಡುವುದು ಎಡಕ್ಕೆ. ಯಾರೂ ಹೇಳಿದ ಕೆಲಸವಲ್ಲ. ಆ ಮನೆಯಲ್ಲಿ ಹುಟ್ಟಿದ ಕೈ, ಅಷ್ಟೆ.

ಅಣ್ಣ ಗಂಟಲು ಸರಿಮಾಡಿಕೊಂಡರು. "ನೋಡಕ್ಕಯ್ಯ, ಇದ್ರಲ್ಲೊಂದು ಪಾಯಿಂಟ್ ಐತೆ. ನಮ್ಮ ಕರ್ನಾಟಕದ ತಿದ್ದುಪಡಿ ಬಂದಿದ್ದು 1994ರ ಜುಲೈ 30ಕ್ಕೆ. ಅದಕ್ಕಿಂತ ಮುಂಚೆ ಮದುವೆಯಾದ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ನಿಂದು ಯಾವ ಇಸ್ವಿ?"

"ತೊಂಬತ್ತೊಂದು."

"ಅಲ್ಲಿಗೆ ಮುಗೀತಲ್ಲ!"

ತಾರೀಖು ಸರಿಯಾಗಿಯೇ ಹೇಳಿದರು, ಅರ್ಧ ಲೋಟಕ್ಕೆ. ಅದಕ್ಕೂ ಹಿಂದೆ, 1933ರಲ್ಲೇ, ಹಳೇ ಮೈಸೂರಿನಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದು, ಪಾಲಾಗುವಾಗ ಮದುವೆಯಾಗದ ಮಗಳಿಗೆ ಗಂಡುಮಗನ ಪಾಲಿನಲ್ಲಿ ಕಾಲುಭಾಗ ಎಂದಿತ್ತು. ಮೊದಲು ಕಾಲು ಲೋಟ, 1994ರಲ್ಲಿ ಮದುವೆಯಾಗದವರಿಗೆ ಮಾತ್ರ ಪೂರ್ತಿ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಮದುವೆಯ ಷರತ್ತನ್ನೇ ತೆಗೆದುಹಾಕಿತು. ಅಪ್ಪ ಅವತ್ತು ಬದುಕಿದ್ದರೆ ಮಾತ್ರವೋ ಇಲ್ಲವೋ ಎಂದು ಹದಿನೈದು ವರ್ಷ ಎಳೆದಾಡಿ, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಆಗ ಇರಲೇಬೇಕೆಂದಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗವನ್ನಾಗಲಿ, ಕೋರ್ಟಿನ ಡಿಕ್ರಿಯನ್ನಾಗಲಿ ಕೆದಕುವಂತಿಲ್ಲ. ಇನ್ನು ಅಪ್ಪ ಸ್ವಂತ ಸಂಪಾದಿಸಿದ್ದಾಗಿ, ಉಯಿಲು ಬರೆಯದೆ ಹೋಗಿದ್ದರೆ 1956ರಿಂದಲೇ ಮಗಳು ಮಗನಿಗೆ ಸಮ. ಇದನ್ನೆಲ್ಲ ನಾನು ಹೇಳಬೇಕೆಂದು ಬಾಯಿ ತೆರೆದೆ.

ದೊಡ್ಡ ತಮ್ಮ ಬಿಡಲಿಲ್ಲ. ತೊಂಬತ್ತೆಂಟರಲ್ಲೇ ಬಾಯಿಮಾತಲ್ಲಿ ಪಾಲಾಗಿದೆ ಎಂದ. ಬಾಯಿಮಾತಿನ ಪಾಲನ್ನು ಕೋರ್ಟು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಅದರ ಗುರುತು ಕಾಣಬೇಕು. ಇವರ ಪಹಣಿಯಲ್ಲಿ ಅಜ್ಜನೇ ಇನ್ನೂ ಎದ್ದು ಹೋಗಿಲ್ಲ. ಅದನ್ನೂ ಹೇಳಬೇಕೆಂದುಕೊಂಡೆ, ಹೇಳುವ ಅಗತ್ಯ ಬೀಳಲಿಲ್ಲ.

ಅಕ್ಕ ಕೈಯಲ್ಲಿದ್ದ ಕಾಯಿ ಕುಲುಕಿದರು, ಬಲಕ್ಕಿಟ್ಟರು. "ನಂಗೆ ಪಾಲಿಲ್ಲ ಅಂದ್ಮೇಲೆ ನನ್ ಸೈನು ಯಾಕಪ್ಪಾ ಬೇಕು? ಬಸ್ ಚಾರ್ಜ್ ಕೊಡ್ತೀನಿ, ಆಧಾರ್ ಕಾರ್ಡು ತಗೊಂಡ್ ಬಾ ಅಂತ ಮೂರು ಸಲ ಫೋನ್ ಮಾಡಿದ್ನಲ್ಲ ಇವ್ನು."

ಪಾಯಿಂಟಣ್ಣ ಚೀಲದೊಳಗೆ ಕೈಹಾಕಿದರು. ಏನು ಹುಡುಕಿದರೋ, ಸಿಗಲಿಲ್ಲ.

ಅಷ್ಟು ಹೊತ್ತಿಗೆ ಚಿಕ್ಕ ತಮ್ಮನ ಹೆಂಡತಿ ಒಳಗಿನಿಂದ ಟೀ ತಂದಳು. ತಟ್ಟೆ ಹಿಡಿದು ಅಣ್ಣನ ಮುಂದೆ ನಿಂತು, ಬಹಳ ಮರ್ಯಾದೆಯಿಂದ ಕೇಳಿದಳು: "ಅಲ್ಲಣ್ಣಾ, ಹೋದ ತಿಂಗಳು ನಮ್ಮೆಜಮಾನ್ರಿಗೆ ಹೇಳಿ ಕಳ್ಸಿದ್ರಂತಲ್ಲ, ತುರುವೇಕೆರೇಲಿ ನಮ್ಮಪ್ಪನ ತೋಟದಲ್ಲಿ ನಂಗೂ ಸಮಪಾಲು ಐತೆ, ದಾವೆ ಹಾಕ್ಸು ಅಂತ. ಅದು ಯಾವ ಕಾಯ್ದೆ, ಇದು ಯಾವ ಕಾಯ್ದೆ?"

ಚಿಕ್ಕ ತಮ್ಮ ತೋಟದ ಕಡೆ ನೋಡಿದ. ದೊಡ್ಡ ತಮ್ಮ ಚಿಕ್ಕ ತಮ್ಮನ ಕಡೆ ನೋಡಿದ, ಏಕೆಂದರೆ ತುರುವೇಕೆರೆಯ ವಿಷಯ ಅವನಿಗೆ ಅವತ್ತೇ ಗೊತ್ತಾದದ್ದು. ಹೆಂಡತಿಯ ತವರಿನಲ್ಲಿ 2005, ಅಕ್ಕತಂಗಿ ಬಂದರೆ 1994. ನಮ್ಮ ಸೀಮೆಯ ಮುಕ್ಕಾಲುಪಾಲು ಗಂಡಸರು ಈ ಎರಡು ಇಸ್ವಿಗಳ ನಡುವೆಯೇ ಓಡಾಡಿಕೊಂಡಿದ್ದಾರೆ. ಪಾಯಿಂಟಣ್ಣ ಅವರವರ ಬಾಯಿಗೆ ರುಚಿಸುವ ಲೋಟವನ್ನು ಅವರವರ ಕೈಗೆ ಕೊಟ್ಟರು, ತಪ್ಪೆಲ್ಲ ಅವರೊಬ್ಬರದ್ದೇ ಎಂದು ನನಗೆ ಅನ್ನಿಸುವುದಿಲ್ಲ.

ಅಣ್ಣ ಲೋಟ ತೆಗೆದುಕೊಂಡರು. ತುಂಬಿದ ಲೋಟ. ಆ ಮನೆಯಲ್ಲಿ ಬೈಟು ಮಾಡುವ ಪದ್ಧತಿ ಇಲ್ಲವಂತೆ. ಪೂರ್ತಿ ಕುಡಿದು ಮುಗಿಸುವ ತನಕ ಅವರು ಒಂದು ಪಾಯಿಂಟನ್ನೂ ಎತ್ತಲಿಲ್ಲ. ಮುಗಿಸಿ ಬಾಯಿ ಒರೆಸಿಕೊಂಡು, "ಎರಡೂ ಒಂದೇ ಕಾಯ್ದೆ ಕಣಮ್ಮ" ಎಂದರು.

ಎರಡು ತಿಂಗಳಿಗೆ ಪರವಾನಗಿ ಸರ್ವೆಯರ್ ಬಂದು 11ಇ ನಕ್ಷೆ ಮಾಡಿಕೊಟ್ಟ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಭಾಗಪತ್ರ ರಿಜಿಸ್ಟರ್ ಆಯಿತು. ತಲಾ 1 ಎಕರೆ 2 ಗುಂಟೆ. ಬಾವಿ ಮೂವರಿಗೂ ಜಂಟಿ, ಬದುವಿನ ಮರಗಳನ್ನು ಎಣಿಸಿ ಯಾರದ್ದೆಂದು ಪತ್ರದಲ್ಲೇ ಬರೆಸಲಾಯಿತು. ಆ ಸಲಹೆ ಮಾತ್ರ ಪಾಯಿಂಟಣ್ಣನದ್ದೇ. ಒರಗಿಹೋದ ತನ್ನ ಮರ ನೆನಪಾಗಿರಬೇಕು. ಅಕ್ಕ ತಮ್ಮ ಪಾಲನ್ನು ಚಿಕ್ಕ ತಮ್ಮನಿಗೇ ವಾರಕ್ಕೆ ಕೊಟ್ಟು ಹುಳಿಯಾರಿನ ಬಸ್ಸು ಹತ್ತಿದರು. ಬಸ್ ಚಾರ್ಜನ್ನು ದೊಡ್ಡ ತಮ್ಮನಿಂದ ಇಸಿದುಕೊಂಡೇ ಹತ್ತಿದರು.

ಪಾಯಿಂಟಣ್ಣ ಈಗಲೂ ಟೀ ಅಂಗಡಿಯಲ್ಲಿ ಸಿಗುತ್ತಾರೆ, ಕೊಬ್ಬರಿ ಹರಾಜಿನ ದಿನವಂತೂ ತಪ್ಪುವುದಿಲ್ಲ. ಹೋಗುವುದಿದ್ದರೆ ಪಹಣಿಯ ಜೊತೆಗೆ ಮೂಲ ಪತ್ರ, ಇಸಿ ಎರಡನ್ನೂ ಹಿಡಿದುಕೊಂಡು ಹೋಗಿ. ಟೀ ಮಾತ್ರ ಫುಲ್ಲೇ ಹೇಳಿ.