ಶನಿವಾರ ತಡೆಯದ ನೆಲ

ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣ, ಕೆಳಗೆ ಹೇಮಾವತಿ. ಹೇಮಗಿರಿಯಲ್ಲಿ ಅವೆರಡನ್ನೂ ಸೇರಿಸಿ ನಮ್ಮವ್ವ ಶನಿವಾರ ಮಾಡುತ್ತಾಳೆ. ಸ್ವಾಮಿಯ ಹೆಸರಲ್ಲಿ ಕೊಡಗಟ್ಟಲೆ ನೀರು ನೆಲಕ್ಕೆ ಸುರಿದು, ಕಡ್ಡಿಪೊರಕೆಯಲ್ಲಿ ಹೊಸ್ತಿಲಾಚೆ ನೂಕುವಾಗ ಅಣೆಯ ತೂಬು ತೆರೆದಂತೆಯೇ. ಇದು ನೆನಪಿದ್ದಿದ್ದರೆ ಮೈಸೂರಿನ ಅಂಗಡಿಯಲ್ಲಿ ಬಿದಿರಿನ ನೆಲಕ್ಕೆ ನಾನು ಮರುಳಾಗುತ್ತಿರಲಿಲ್ಲ.

ಕೆಂಪು ಗಾರೆ ಅಲ್ಲಲ್ಲಿ ಎದ್ದಿತ್ತು. ರಥಸಪ್ತಮಿ ಜಾತ್ರೆಗೆ ನೆಂಟರು ಬರುವಷ್ಟರಲ್ಲಿ ಏನಾದರೂ ಹಾಕಿಸಬೇಕು. ಗ್ರಾನೈಟ್ ಅಂದರೆ ಥಂಡಿ, ಟೈಲ್ಸ್ ಅಂದರೆ ಸೊಂಟಕ್ಕೆ ಕುತ್ತು. ಅಂಗಡಿಯವರು ನೋಡಿ ತರಲೆಂದು ಮೊಳದುದ್ದದ ಹಲಗೆಯೊಂದನ್ನು ಕೊಟ್ಟರು. ಜೇನು ಬಣ್ಣ, ಅಡ್ಡಕ್ಕೆ ಗಿಣ್ಣಿನ ಗುರುತು, ಒಂದಂಚಿಗೆ ನಾಲಗೆ, ಇನ್ನೊಂದಕ್ಕೆ ಅದು ಕೂರುವ ಕಚ್ಚು. ಬಿದಿರನ್ನು ಸೀಳಿ, ಕುದಿಸಿ, ಒಣಗಿಸಿ, ಅಂಟಿನಲ್ಲಿ ಒತ್ತಿ ಮಾಡುತ್ತಾರೆ. ಕುದಿಸುವುದು ಒಳಗಿನ ಹಿಟ್ಟಿನಂಶ ಬಿಡಿಸಲು; ಕುಟ್ಟೆ ಹುಳಕ್ಕೆ ಬೇಕಾದ್ದು ಅದೇ. ನಮ್ಮ ತಾತ ಗಳುಗಳನ್ನು ಕೆರೆಯಲ್ಲಿ ಮುಳುಗಿಸಿಡುತ್ತಿದ್ದುದೂ ಇದಕ್ಕೇ. ಅಂಗಡಿಯವರು ಇದನ್ನೇ ಹೊಸ ತಂತ್ರವೆಂದು ಹೇಳುವಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಅಂದಹಾಗೆ ಬಿದಿರು ಮರವಲ್ಲ, ಹುಲ್ಲು. ನಮ್ಮ ರಾಗಿ, ಕಬ್ಬುಗಳ ನೆಂಟ. 1927ರ ಅರಣ್ಯ ಕಾಯ್ದೆ ಮಾತ್ರ ಅದಕ್ಕೆ ಮರದ ಪಟ್ಟ ಕಟ್ಟಿತ್ತು. 2017ರ ತಿದ್ದುಪಡಿಯಲ್ಲಿ ಪಟ್ಟ ಇಳಿಯಿತು. ತೊಂಬತ್ತು ವರ್ಷ ಹುಲ್ಲಿಗೇನೂ ಗೊತ್ತಾದಂತಿಲ್ಲ.

ಈ ಪಾಂಡಿತ್ಯವನ್ನೆಲ್ಲ ಅವ್ವನ ಮುಂದೆ ಹರವಿದೆ.

"ಬಿದಿರ ಮ್ಯಾಲೆ ಮನಿಕ್ಕಳಕೆ ಅಷ್ಟೊಂದು ಅರ್ಜೆಂಟೇನ್ಲಾ ಮಗ? ನಾಕು ಜನ ಹೊತ್ಕೊಂಡು ಹೋಗೋವಾಗ ಎಂಗಿದ್ರೂ ಮನಗಿಸ್ತಾರೆ."

ತೊಟ್ಟಿಲು, ಗೌರಿ ಬಾಗಿನದ ಮೊರ, ಚಪ್ಪರದ ಗಳು ಎಂದೆಲ್ಲ ವಾದಿಸಿದೆ. ಅವಳು ಚಟ್ಟ ಬಿಟ್ಟು ಕದಲಲಿಲ್ಲ. ಕೊನೆಗೆ, ಇದರ ಮೇಲೆ ನೀರು ನಿಲ್ಲಬಾರದು, ಬಟ್ಟೆ ಹಿಂಡಿ ಒರೆಸಿದರಾಯಿತು ಎಂದು ಬಾಯಿಬಿಟ್ಟೆ.

"ಹಂಗಾರೆ ಶನಿವಾರ?"

ಸ್ನಾನ ಮಾಡದೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಪೂಜೆಗೆ ಕೂತವನನ್ನು ನೋಡುವಂತೆ ನೋಡಿದಳು.

ಮರುದಿನ ಹಲಗೆ ಕಾಣಲಿಲ್ಲ. ನಾಲ್ಕು ದಿನದ ಮೇಲೆ ಬಚ್ಚಲಲ್ಲಿ ಸಿಕ್ಕಿತು, ಅವ್ವ ಬಟ್ಟೆ ಒಗೆಯಲು ಕೂರುವ ಮಣೆಯಾಗಿ. ಅಂಚೆಲ್ಲ ಕರಿದ ಹಪ್ಪಳದಂತೆ ಎದ್ದಿತ್ತು, ನಾಲಗೆ ಊದಿತ್ತು.

ಗಾರೆ ಕೆಲಸದವರು ಬಂದು ಕೆಂಪು ನೆಲಕ್ಕೆ ತೇಪೆ ಹಾಕಿ ಹೋದರು. ಸ್ಯಾಂಪಲ್ ವಾಪಸ್ ಕೇಳಿ ಅಂಗಡಿಯಿಂದ ಎರಡು ಸಲ ಫೋನ್ ಬಂದಿದೆ. ಹಲಗೆ ಈಗ ಕೋಳಿಗೂಡಿನ ಬಾಗಿಲಿಗೆ ಅಡ್ಡ ನಿಂತಿದೆ. ಶನಿವಾರದ ನೀರು ಅಲ್ಲಿಯವರೆಗೆ ಹೋಗುವುದಿಲ್ಲ.